ಡಾಕ್ಟರ್ ಮಾರಿಯಾ ಮಾಂಟೆಸೊರಿಯವರು

ನಮ್ಮ ದಬ್ಬೇಘಟ್ಟದ ಸುತ್ತಣ ತೆಂಗಿನ ಸೀಮೆಯಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗುವು ಪುಟ್ಟ ಚೊಂಬನ್ನು ಹಿಡಿದು ತಾಯಿಯ ಹಿಂದೆ ನೀರಿಗೆ ಹೋಗುವುದನ್ನೂ, ತೆಂಗಿನ ಕಡ್ಡಿಯ ಪೊರಕೆಯಿಂದ ಅಂಗಳವನ್ನು ಗುಡಿಸಲೆಳಸುವುದನ್ನೂ ಕಾಣದವರಿಲ್ಲ. ಅದೇ ಮಗುವು ಶಾಲೆಗೆ ಬಂದೊಡನೆ ಕೈಕಟ್ಟಿ ಕುಳಿತಿರಬೇಕೆಂದು ನಾವು ಬಹುಕಾಲ ಎಣಿಸಿದ್ದೆವು. ಮನೆಯಲ್ಲಿ ಕೆಲಸಕ್ಕೊದಗುವ ಕೈಗಳು ಶಾಲೆಯಲ್ಲಿ ಏತಕ್ಕೆ ಸುಮ್ಮನಿರಬೇಕೆಂದು ಲೋಕವನ್ನು ಯೋಚಿಸುವಂತೆ ಮಾಡಿದವರಲ್ಲಿ ಡಾಕ್ಟರ್ ಮಾರಿಯಾ ಮಾಂಟೆಸೊರಿಯವರು ಅಗ್ರಗಣ್ಯರು. ಅವರ ಜೀವನವನ್ನು ಪೂರ್ವ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಆಕೆಯು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಮಗಳ ಹಂಬಲವು ತಂದೆಗೆ ಸಮ್ಮತವಾಗಲಿಲ್ಲ. ತಾಯಿಯು ಮಾತ್ರ ಬೆನ್ನಿಗೆ ನಿಂತರು. ಪುರುಷರೊಡನೆ ಕೂಡಿ ಶವಚ್ಛೇದನವನ್ನು ಅಭ್ಯಸಿಸುವುದು ಸ್ತ್ರೀಗೆ ಉಚಿತವಲ್ಲವೆಂದು ಆ ಕಾಲದವರು ಭಾವಿಸಿದ್ದುದರಿಂದ, ಆಕೆಯು ಸಂಜೆಯ ಹೊತ್ತು ಏಕಾಕಿನಿಯಾಗಿ ಆ ಕೊಠಡಿಯಲ್ಲಿ ಅಭ್ಯಾಸ ಮಾಡಬೇಕಾಯಿತು. 1896ರಲ್ಲಿ ರೋಮ್ ನಗರದ ವಿಶ್ವವಿದ್ಯಾನಿಲಯದಿಂದ ಪದವಿಯನ್ನು ಪಡೆದರು. ಬಳಿಕ ಬುದ್ಧಿ ಬೆಳೆಯದ ಮಕ್ಕಳ ಶುಶ್ರೂಷೆಗೆ ನಿಂತು, ಅಂತಹ ಮಕ್ಕಳೂ ಕೈಗೆ ತಕ್ಕ ಕೆಲಸ ದೊರೆತರೆ ಕಲಿಯುವರೆಂಬುದನ್ನು ಕಂಡುಕೊಂಡರು.

ರೋಮ್ ನಗರದ ಸಾನ್ ಲೊರೆಂಜೊ ಎಂಬುದು ಬಡ ಕೂಲಿಗಾರರ ಕೇರಿ. ತಾಯಿತಂದೆಗಳು ದುಡಿಮೆಗೆ ಹೋದ ಮೇಲೆ, ಕಾಯುವವರಿಲ್ಲದ ಮಕ್ಕಳು ಹೊಸ ವಠಾರದ ಗೋಡೆಗಳನ್ನೂ ಮೆಟ್ಟಿಲುಗಳನ್ನೂ ಕೆಡಿಸುತ್ತಿದ್ದರು. ಇವರನ್ನು ಒಂದೆಡೆ ಕೂಡಿಹಾಕಿದರೆ ಸಾಕೆಂಬುದು ಕಟ್ಟಡದ ಒಡೆಯರ ಎಣಿಕೆ. ಈ ಭಾರವನ್ನು ವಹಿಸಿದ ಮಾಂಟೆಸೊರಿಯವರು 1907ರ ಜನವರಿ 6ರಂದು, ಐವತ್ತು ಅರವತ್ತು ಎಳೆಯರಿಗಾಗಿ, ಮಕ್ಕಳ ಮನೆಯೆಂಬ ಹೆಸರಿನಿಂದ ಶಾಲೆಯನ್ನು ತೆರೆದರು. ಮಕ್ಕಳೇ ಎತ್ತಿಡಬಹುದಾದ ಹಗುರವಾದ ಮೇಜು ಕುರ್ಚಿಗಳನ್ನೂ, ಕೈತೊಳೆಯಲು ತಗ್ಗಾದ ಬೋಗುಣಿಗಳನ್ನೂ ಒದಗಿಸಿದರು. ಬಿದ್ದರೆ ಒಡೆಯುವ ಪಿಂಗಾಣಿ ಪಾತ್ರೆಗಳನ್ನೂ ಅವರ ಕೈಗೆ ಕೊಟ್ಟರು. ಒಡೆದ ಪಾತ್ರೆಯು ಕಲಿಸುವ ಎಚ್ಚರವನ್ನು ಗದರಿಕೆಯು ಕಲಿಸಲಾರದೆಂಬುದು ಅವರ ಅನುಭವವಾಗಿದ್ದಿತು. ಗೋಡೆ ಕೆಡಿಸುವವರೆಂದು ದೂರು ಹೊತ್ತ ಮಕ್ಕಳೇ ಆ ಮನೆಯನ್ನು ಗುಡಿಸಿ ಒರಸಿ ಕಾಯುವವರಾದರು.

ಕಲಿಕೆಯ ಸಾಮಾನುಗಳನ್ನು ಉಪಾಧ್ಯಾಯಿನಿಯು ಮೊದಲು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಒಂದು ದಿನ ಬೀಗ ಹಾಕಲು ಮರೆತಳು. ಮರುದಿನ ಬಂದು ನೋಡಲಾಗಿ, ಮಕ್ಕಳು ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡು ಕೆಲಸದಲ್ಲಿ ತೊಡಗಿದ್ದರು. ಆಕೆಗೆ ಅದು ಕಳವೆಂದು ತೋರಿತು. ಮಾಂಟೆಸೊರಿಯವರಿಗಾದರೋ ಮಕ್ಕಳ ವಿವೇಕವೆಂದು ತೋರಿತು. ಅಂದಿನಿಂದ ಬೀಗದ ಬೀರು ಹೋಗಿ, ತಗ್ಗಾದ ತೆರೆದ ಗೂಡುಗಳು ಬಂದವು. ಆದರೆ ಈ ಸ್ವಾತಂತ್ರ್ಯವು ಸ್ವೇಚ್ಛೆಯಲ್ಲ. ಒಂದೊಂದು ಬಗೆಯ ಸಾಮಾನು ಒಂದೇ ಇರುವುದು. ಮತ್ತೊಬ್ಬರ ಕೈಯಲ್ಲಿದ್ದರೆ ಕಾಯಬೇಕು. ಕೆಲಸ ಮುಗಿದ ಮೇಲೆ ತೆಗೆದ ಸ್ಥಳದಲ್ಲಿಯೇ ಇಡಬೇಕು. ಇತರರಿಗೆ ತೊಂದರೆ ಮಾಡಕೂಡದು. ಸ್ವಾತಂತ್ರ್ಯವೂ ಹೊಣೆಯೂ ಆ ಮನೆಯಲ್ಲಿ ಅವಳಿ ಮಕ್ಕಳಂತೆ ಬೆಳೆದವು.

ಇತರರ ಮಕ್ಕಳಿಗೆ ಮನೆಯನ್ನು ಕಟ್ಟಿದ ಈ ಮಹನೀಯೆಯು, 1898ರಲ್ಲಿ ಜನಿಸಿದ ತನ್ನ ಮಗನಾದ ಮಾರಿಯೊನನ್ನು ಬಾಲ್ಯದಲ್ಲಿ ತನ್ನ ಬಳಿ ಇರಿಸಿಕೊಳ್ಳಲಾಗದೆ ನೊಂದರು. ವಿವಾಹವಿಲ್ಲದ ತಾಯಿಯನ್ನು ಆ ಸಮಾಜವು ಸಹಿಸುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಮಾಡಬಾರದು. ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿಯ ಆಶ್ರಯವನ್ನು ಅವರು ಕೆಲವು ಕಾಲ ಅಂಗೀಕರಿಸಿದ್ದರು. ಅಪ್ಪಣೆಗೆ ತಲೆಬಾಗುವ ಪ್ರಜೆಗಳನ್ನು ಬಯಸುವ ಪ್ರಭುತ್ವಕ್ಕೂ ಸ್ವಯಂ ಯೋಚಿಸುವ ಮಗುವಿಗೂ ಹೊಂದಿಕೆಯಾಗಲಿಲ್ಲ. ಆ ನಂಟು ಮುರಿದು, ಅಲ್ಲಿಯ ಅವರ ಶಾಲೆಗಳು ಮುಚ್ಚಿಹೋದವು.

1939ರಲ್ಲಿ ಮಾಂಟೆಸೊರಿಯವರು ಮಾರಿಯೊರವರೊಡನೆ ಮದರಾಸಿನ ಅಡಯಾರಿಗೆ ಬಂದರು. ಮೊದಲ ತರಗತಿಗೆ ಸುಮಾರು 300 ಮಂದಿ ನೆರೆದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿದುದರಿಂದ ಬ್ರಿಟಿಷ್ ಸರಕಾರವು ಮಗನನ್ನು ಬಂಧನದಲ್ಲಿರಿಸಿತು. ತಾಯಿಯು ಅಡಯಾರನ್ನು ಬಿಟ್ಟು ಹೋಗದಂತೆ ನಿರ್ಬಂಧಿಸಿತು. ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬದಂದು ವೈಸರಾಯರು ಮಗನ ಬಿಡುಗಡೆಯನ್ನೇ ಉಡುಗೊರೆಯಾಗಿತ್ತರು. ಅಡಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ತಾಯಿಮಕ್ಕಳು ಕಲಿಸುತ್ತಲೇ ಹೋದರು. ಭಾರತದಲ್ಲಿ ಅವರಿಂದ ಶಿಕ್ಷಣ ಪಡೆದ ಅಧ್ಯಾಪಕರು ಸಾವಿರಕ್ಕೂ ಮಿಕ್ಕಿದ್ದರು. 1952ರ ಮೇ 6ರಂದು ಹಾಲೆಂಡಿನಲ್ಲಿ ಅವರು ದೈವಾಧೀನರಾದರು.

ಇಂದು ಮಾಂಟೆಸೊರಿ ಎಂಬ ಹೆಸರಿನ ಹಲಗೆಗಳು ನಮ್ಮ ನಾಡಿನಲ್ಲಿ ಹಲವೆಡೆ ಕಾಣುತ್ತವೆ. ಆ ಹೆಸರನ್ನು ಯಾರು ಬೇಕಾದರೂ ತೂಗುಹಾಕಬಹುದಾದ ಕಾರಣ, ತಾಯಿತಂದೆಗಳು ಹಲಗೆಯನ್ನು ನೋಡದೆ ಒಳಹೊಕ್ಕು ನೋಡಬೇಕು. ಮಗುವು ತನ್ನ ಚಾಪೆಯನ್ನು ತಾನೇ ಸುತ್ತಿಡುವುದೇ? ಚೆಲ್ಲಿದ ನೀರನ್ನು ತಾನೇ ಒರಸುವುದೇ? ತನ್ನ ಸರದಿಯನ್ನು ಕಾಯುವುದೇ? ಸ್ವಾತಂತ್ರ್ಯ ಕೊಟ್ಟರೆ ಹೆಣ್ಣುಮಕ್ಕಳು ಕೆಡುವರೆಂದು ಅಂಜುವವರು ಇನ್ನೂ ಉಂಟು. ಹೊಣೆಯನ್ನು ಕೊಡದೆ ಬೆಳೆಸಿದವರೇ ಕೆಡುವರೆಂಬುದನ್ನು ಈ ಜೀವನವು ತಿಳಿಸುತ್ತದೆ. ನಮ್ಮ ಅಂಗಳದ ಪುಟ್ಟಿಯ ಕೈಯಲ್ಲಿರುವ ಚೊಂಬು ತುಸು ತುಳುಕಿದರೆ, ಅದನ್ನು ಕಸಿದುಕೊಳ್ಳದಿರೋಣ.