ನದಿಯಲ್ಲಿ ಬಾವಿ ತೋಡಿಸಿದ ವಿಶ್ವೇಶ್ವರಯ್ಯ

ಮಕ್ಕಳೇ, ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯನ್ನು ನೀವು ನೋಡಿರಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿಯೇ, 1861ರಲ್ಲಿ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಕಲಿತರು. ತಂದೆ ಬೇಗ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಲೇ ಓದಿದ ಹುಡುಗ ಮುಂದೆ ಪುಣೆಯಲ್ಲಿ ಎಂಜಿನಿಯರ್ ಆದರು. ಕನ್ನಂಬಾಡಿ ಕಟ್ಟೆಯ ಕಥೆ ನಿಮಗೆ ಗೊತ್ತೇ ಇದೆ. ಇದು ಕೊಳಕು ನೀರಿನ ಕಥೆ.

ಸಿಂಧೂ ನದಿಯ ದಡದಲ್ಲಿ ಸಕ್ಕರ್ ಎಂಬ ಊರಿದೆ. ಈಗ ಅದು ಪಾಕಿಸ್ತಾನದಲ್ಲಿದೆ. ಅಲ್ಲಿ ನದಿಯ ನೀರು ಬರೀ ಕೆಸರು. ಸೋಸುವ ತೊಟ್ಟಿ ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ಏನು ಮಾಡಿದರು ಗೊತ್ತೇ? ನದಿಯ ಪಾತ್ರದ ಮರಳಿನಲ್ಲೇ ಬಾವಿ ತೋಡಿಸಿದರು! ಬಾವಿಯಿಂದ ನದಿಯ ಅಡಿಗೆ ಸುರಂಗವನ್ನೂ ಕೊರೆಸಿದರು. ಮರಳಿನಲ್ಲಿ ಜಿನುಗಿ ಬಂದ ನೀರು ತಿಳಿಯಾಗಿರುತ್ತಿತ್ತು. ಅದನ್ನು ಪಂಪಿನಿಂದ ಗುಡ್ಡಕ್ಕೇರಿಸಿ, ಕೊಳವೆಗಳಲ್ಲಿ ಊರಿಗೆ ಹರಿಸಿದರು. 1895ರಲ್ಲಿ ಕೆಲಸ ಮುಗಿಯಿತು.

ನೀವೂ ಮಾಡಿ ನೋಡಿ. ತಳ ಕತ್ತರಿಸಿದ ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ಹಿಡಿದು, ತೊಳೆದ ಮರಳು ತುಂಬಿ. ಕೆಮ್ಮಣ್ಣಿನ ನೀರು ಸುರಿಯಿರಿ. ಮಣ್ಣಿನ ಕಣಗಳು ಮರಳಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಕರಗಿದ ಉಪ್ಪು ಮರಳಿನಲ್ಲಿ ನಿಲ್ಲುವುದಿಲ್ಲ. ಹೊಲದಿಂದ ಹರಿದುಬಂದ ಗೊಬ್ಬರದ ಲವಣವೂ ಹಾಗೆಯೇ. ರೋಗಾಣುಗಳೂ ಒಂದಿಷ್ಟು ನುಸುಳುತ್ತವೆ. (ಸೋಸಿದ್ದನ್ನು ಕುಡಿಯಬೇಡಿ!)

ಹಾಗಾದರೆ ಕೊಳಚೆ ನದಿಗೆ ಸೇರದಂತೆ ಮೊದಲೇ ತಡೆಯಬೇಕಲ್ಲವೇ? 1906ರಲ್ಲಿ ಅವರು ಏಡನ್ ಬಂದರಿಗೆ ಹೋದದ್ದು ಕುಡಿಯುವ ನೀರು, ಚರಂಡಿ ಎರಡಕ್ಕೂ ಯೋಜನೆ ಮಾಡಲು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಯೂ ಅವರು ಪ್ರವಾಹ ತಡೆಯುವ ಜಲಾಶಯಗಳ ಜೊತೆಗೆ ನೆಲದೊಳಗಿನ ಚರಂಡಿಯ ಯೋಜನೆ ಕೊಟ್ಟರು. ಊರು ಬೆಳೆಯಿತು, ಚರಂಡಿ ಸಾಲದಾಯಿತು. ಇಂದು ಮೂಸಿ ಬಹಳ ಮಲಿನವಾದ ನದಿ.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರಿಗೆ 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿಯೇ ಇದೆ.

ಅವರ ಜಿಲ್ಲೆಯ ನೀರು ಹೇಗಿದೆ? ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಮರಳನ್ನು ಲಾರಿಗಳು ಹೊತ್ತೊಯ್ದಿವೆ. ಶಿಡ್ಲಘಟ್ಟದ ಮಕ್ಕಳಿಗೆ ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಗೊತ್ತು. ಅದರಲ್ಲಿ ಗೂಡಿನ ಅಂಟು ಇರುತ್ತದೆ. ಅದು ಕೆರೆಗೆ ಸೇರಿ ಕೊಳೆಯುವಾಗ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳಿಗೆ ಉಸಿರಾಟ ಕಷ್ಟ. ಈಗಂತೂ ಬೆಂಗಳೂರಿನ ಕೊಳಚೆಯನ್ನೇ ಸಂಸ್ಕರಿಸಿ, ಅಂತರ್ಜಲ ಹೆಚ್ಚಲೆಂದು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡುತ್ತಾರೆ. ನಿಮ್ಮೂರ ಕೆರೆಗೆ ನೀರು ಎಲ್ಲೆಲ್ಲಿಂದ ಬರುತ್ತದೆ? ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಕಾಲುವೆಯ ಗುಂಟ ನಡೆದು ನೋಡಿ ಬನ್ನಿ.