ಬೆಳ್ಳಿತೆರೆಯ ಮೇಲೆ ಬೈಬಲ್ ತೆರೆದ ಸೆಸಿಲ್ ಡಿಮಿಲ್

ತಪಸ್ಸುಕಾಲ ಬಂತೆಂದರೆ ಸಾಕು, ಧರ್ಮಕೇಂದ್ರದ ಯುವಕರು ಗುರುಮನೆಗೆ ಬಂದು ಈ ವರ್ಷ ಯಾವ ಸಿನಿಮಾ ತೋರಿಸುವುದೆಂದು ಕೇಳುತ್ತಾರೆ. ಹಿಂದೆ ದೇವಾಲಯದ ಅಂಗಳದಲ್ಲಿ ಬಿಳಿ ಪರದೆ ಕಟ್ಟಿ ಪ್ರೊಜೆಕ್ಟರ್ ಓಡಿಸುತ್ತಿದ್ದರು, ಆಮೇಲೆ ವಿ.ಸಿ.ಆರ್. ಬಂತು, ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ. ಸಾಧನ ಬದಲಾದರೂ ಶುಭ ಶುಕ್ರವಾರದ ಹೊತ್ತಿಗೆ ಯೇಸುಸ್ವಾಮಿಯ ಯಾತನೆಯನ್ನು ತೆರೆಯ ಮೇಲೆ ನೋಡಿ ಕಣ್ಣೀರಿಡುವ ಅಭ್ಯಾಸ ನಮ್ಮ ಕುಟುಂಬಗಳಲ್ಲಿ ಉಳಿದುಕೊಂಡಿದೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಒಮ್ಮೆ ಧರ್ಮೋಪದೇಶದ ತರಗತಿಯಲ್ಲಿ ಮಗ್ದಲದ ಮರಿಯಳು ಯಾರೆಂದು ಕೇಳಿದಾಗ ಮಕ್ಕಳು ಕೊಟ್ಟ ಉತ್ತರ ಶುಭಸಂದೇಶದ್ದಾಗಿರಲಿಲ್ಲ, ಸಿನಿಮಾದ್ದಾಗಿತ್ತು. ಪುನರುತ್ಥಾನದ ಬೆಳಿಗ್ಗೆ ಪ್ರಭುವನ್ನು ಕಂಡವಳು ಎಂದು ಒಬ್ಬರೂ ಹೇಳಲಿಲ್ಲ. ಬಳುಕುವ ಬೆಡಗಿನ ಆ ಮರಿಯಳನ್ನು ಬೆಳ್ಳಿತೆರೆಗೆ ಏರಿಸಿದವರಲ್ಲಿ ಮುಖ್ಯರಾದವರು ಅಮೆರಿಕದ ನಿರ್ದೇಶಕ ಸೆಸಿಲ್ ಬಿ. ಡಿಮಿಲ್. ಇಂದಿನ ಬೈಬಲ್ ಚಿತ್ರಗಳ ಗುಣವೂ ದೋಷವೂ ಬಹುಪಾಲು ಈ ಒಬ್ಬ ಮನುಷ್ಯನ ಬದುಕಿನಲ್ಲೇ ಕಾಣಸಿಗುತ್ತವೆ.

ಡಿಮಿಲ್ ಹುಟ್ಟಿದ್ದು 1881ರ ಆಗಸ್ಟ್ 12ರಂದು, ಮ್ಯಾಸಚುಸೆಟ್ಸ್ ರಾಜ್ಯದ ಆಶ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಹೆನ್ರಿ ನಾಟಕಕಾರರು, ಎಪಿಸ್ಕೋಪಲ್ ಸಭೆಯ ಭಕ್ತರು. ರಾತ್ರಿ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಬೈಬಲ್ ಓದಿ ಹೇಳುವುದು ಅವರ ಪದ್ಧತಿ. ತಾಯಿ ಬಿಯಾಟ್ರಿಸ್ ಇಂಗ್ಲೆಂಡಿನಲ್ಲಿ ಹುಟ್ಟಿದ ಯೆಹೂದ್ಯ ಮೂಲದವರು. 1893ರಲ್ಲಿ ತಂದೆ ತೀರಿಕೊಂಡಾಗ ಸೆಸಿಲ್‌ಗೆ ಇನ್ನೂ ಹನ್ನೊಂದು ವರ್ಷ. ತಾಯಿ ಧೃತಿಗೆಡದೆ ಹೆಣ್ಣುಮಕ್ಕಳ ಶಾಲೆ ನಡೆಸಿ ಮಕ್ಕಳನ್ನು ಬೆಳೆಸಿದರು. ತಂದೆಯ ಬಾಯಿಂದ ಕೇಳಿದ ಆ ಬೈಬಲ್ ಕಥೆಗಳು ಮಾತ್ರ ಮಗನ ಮನಸ್ಸಿನಿಂದ ಕೊನೆತನಕ ಅಳಿಯಲಿಲ್ಲ. ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಶ್ರೀಗ್ರಂಥ ಓದಲು ಹಿಂಜರಿಯುವ ತಂದೆಯಂದಿರು ಇದನ್ನು ಗಮನಿಸಬಹುದು.

ರಂಗಭೂಮಿಯಲ್ಲಿ ಡಿಮಿಲ್ ಹೆಚ್ಚೇನೂ ಮೇಲೆ ಬರಲಿಲ್ಲ. 1913ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹಾಲಿವುಡ್‌ನಲ್ಲಿ 'ದಿ ಸ್ಕ್ವಾ ಮ್ಯಾನ್' ಎಂಬ ಮೂಕಿಚಿತ್ರ ತೆಗೆದರು. ಅದು 1914ರಲ್ಲಿ ತೆರೆಗೆ ಬಂದು ಗೆದ್ದಿತು. ಅಲ್ಲಿಂದ ಮುಂದೆ ಅವರು ತೆಗೆದ ಅನೇಕ ಚಿತ್ರಗಳು ಶ್ರೀಮಂತರ ಮನೆ, ಮುರಿದ ದಾಂಪತ್ಯ, ಬಟ್ಟೆಬರೆಯ ವೈಭವ, ಸ್ನಾನದ ಕೋಣೆಯ ದೃಶ್ಯಗಳಿಂದಲೇ ಹೆಸರಾದವು. ಜನ ನುಗ್ಗಿ ಬರುತ್ತಿದ್ದರು. ಜನ ಯಾವುದಕ್ಕೆ ಬರುತ್ತಾರೆ ಎಂಬ ಲೆಕ್ಕ ಅವರಿಗೆ ಆಗಲೇ ಕರಗತವಾಯಿತು. ಈ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಬೈಬಲ್ಲಿಗೆ ಕೈ ಹಾಕಿದಾಗಲೂ ಅವರು ಅದನ್ನು ಬಿಡಲಿಲ್ಲ.

1922ರಲ್ಲಿ ಮುಂದಿನ ಚಿತ್ರಕ್ಕೆ ಯಾವ ವಿಷಯ ಬೇಕೆಂದು ಡಿಮಿಲ್ ಜನರನ್ನೇ ಕೇಳಿ ಸ್ಪರ್ಧೆ ಏರ್ಪಡಿಸಿದರು. ಮಿಚಿಗನ್ ರಾಜ್ಯದಿಂದ ಒಬ್ಬರು ದೇವರ ಹತ್ತು ಕಟ್ಟಳೆಗಳ ಬಗ್ಗೆ ಚಿತ್ರ ತೆಗೆಯಿರಿ ಎಂದು ಬರೆದರು. ಹೀಗೆ ಹುಟ್ಟಿದ್ದು 1923ರ 'ದಿ ಟೆನ್ ಕಮ್ಯಾಂಡ್‌ಮೆಂಟ್ಸ್'. ಕ್ಯಾಲಿಫೋರ್ನಿಯಾದ ಗ್ವಾಡಲೂಪೆ ಮರಳುದಿಬ್ಬಗಳ ನಡುವೆ ಫರೋಹನ ನಗರವನ್ನೇ ಕಟ್ಟಿಸಿದರು. ಚಿತ್ರೀಕರಣ ಮುಗಿದ ಮೇಲೆ ಅದನ್ನು ಅಲ್ಲೇ ಹೂತುಹಾಕಲಾಯಿತು. 2017ರಲ್ಲಿ ಪುರಾತತ್ತ್ವಜ್ಞರು ಆ ಮರಳಿನಿಂದ ಗಾರೆಯ ಸಿಂಹನಾರಿಯೊಂದರ ತಲೆಯನ್ನು ಹೊರತೆಗೆದರು. ಇಸ್ರಯೇಲರ ಪಾತ್ರಕ್ಕೆ ಲಾಸ್ ಏಂಜಲೀಸ್‌ನಿಂದ ಸಂಪ್ರದಾಯಸ್ಥ ಯೆಹೂದ್ಯರನ್ನು ಕರೆತಂದಿದ್ದರು. ಮೊದಲ ದಿನ ಅಡುಗೆಯವರು ಅವರಿಗೆ ಬಡಿಸಿದ್ದು ಹಂದಿಮಾಂಸ! ತಪ್ಪು ಗೊತ್ತಾದ ಮೇಲೆ ಅವರ ನೇಮಕ್ಕೆ ತಕ್ಕ ಬೇರೆ ಅಡುಗೆಮನೆಯೇ ಸಿದ್ಧವಾಯಿತು. ಈಜಿಪ್ಟಿನಿಂದ ಹೊರಡುವ ದೃಶ್ಯ ತೆಗೆಯುವಾಗ ಆ ಮುದುಕರು ನಟನೆ ಮರೆತು ಅಳುತ್ತ, ತಮ್ಮ ಹೀಬ್ರೂ ಭಾಷೆಯಲ್ಲಿ ಹಾಡುತ್ತ ನಡೆದರು. ಅವರಿಗೆ ಅದು ಸಿನಿಮಾ ಆಗಿರಲಿಲ್ಲ, ತಮ್ಮ ಪಾಸ್ಕವೇ ಆಗಿತ್ತು. ಇಂಥ ಚಿತ್ರಗಳಿಗೆ ಇರುವ ಶಕ್ತಿ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಆ ಚಿತ್ರದ ಎರಡನೇ ಭಾಗ ಆಧುನಿಕ ಕಾಲದ್ದು. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಕಟ್ಟಳೆಗಳನ್ನು ಪಾಲಿಸುತ್ತಾನೆ, ಇನ್ನೊಬ್ಬ ನಗುತ್ತಾನೆ. ನಗುವವನು ದೊಡ್ಡ ಗುತ್ತಿಗೆದಾರನಾಗಿ ಸಿಮೆಂಟಿನಲ್ಲಿ ಮೋಸ ಮಾಡಿ ಚರ್ಚು ಕಟ್ಟಿಸುತ್ತಾನೆ. ಅದರ ಗೋಡೆ ಕುಸಿದು ಹೆತ್ತ ತಾಯಿಯೇ ಸಾಯುತ್ತಾಳೆ. ನಮ್ಮೂರುಗಳಲ್ಲಿ ಈ ಕಥೆಗೆ ವಿವರಣೆ ಬೇಕಾಗಲಾರದು. ಆದರೂ ಇಲ್ಲಿ ಒಂದು ದೌರ್ಬಲ್ಯವಿದೆ. ಪಾಪ ಮಾಡಿದವನ ಮೇಲೆ ಗೋಡೆ ಬೀಳಲೇಬೇಕು, ಅದೂ ಕೊನೆಯ ರೀಲಿನೊಳಗೆ ಬೀಳಬೇಕು. ಯೋಬನ ಗ್ರಂಥ ಓದಿದವರಿಗೆ ದೇವರ ನ್ಯಾಯ ಅಷ್ಟು ಸರಳವಲ್ಲವೆಂದು ಗೊತ್ತು. ಮೋಸದ ಗುತ್ತಿಗೆದಾರರು ಸುಖವಾಗಿ ಬಾಳುವುದನ್ನೂ ಪ್ರಾಮಾಣಿಕನ ಮನೆ ಬೀಳುವುದನ್ನೂ ಕಣ್ಣಾರೆ ಕಂಡ ನಮ್ಮ ಜನರಿಗೆ ಇಂಥ ಚಿತ್ರ ಏನು ಸಮಾಧಾನ ಹೇಳೀತು?

ಡಿಮಿಲ್ ಅವರ ಹೆಸರು ಕ್ರೈಸ್ತ ಕುಟುಂಬಗಳಲ್ಲಿ ಉಳಿದದ್ದು 1927ರ 'ದಿ ಕಿಂಗ್ ಆಫ್ ಕಿಂಗ್ಸ್' ಚಿತ್ರದಿಂದ. ಇದು ಯೇಸುಸ್ವಾಮಿಯ ಬದುಕಿನ ಮೂಕಿಚಿತ್ರ. ಸಲಹೆಗಾರರಲ್ಲಿ ಒಬ್ಬರು ಯೇಸುಸಭೆಯ ಗುರು ಫಾದರ್ ಡೇನಿಯಲ್ ಲಾರ್ಡ್. ಚಿತ್ರೀಕರಣದ ಸ್ಥಳದಲ್ಲಿ ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಯೇಸುವಿನ ಪಾತ್ರ ಮಾಡಿದ ಎಚ್.ಬಿ. ವಾರ್ನರ್ ಅವರಿಗೆ ವಯಸ್ಸು ಐವತ್ತರ ಹತ್ತಿರ. ವೇಷ ಹಾಕಿದ ಮೇಲೆ ನಿರ್ದೇಶಕರ ಹೊರತು ಬೇರೆ ಯಾರೂ ಅವರೊಡನೆ ಮಾತಾಡಬಾರದೆಂಬ ಕಟ್ಟಪ್ಪಣೆ ಇತ್ತು. ಅವರೂ ಮಾತೆ ಮರಿಯಳ ಪಾತ್ರದ ನಟಿಯೂ ಐದು ವರ್ಷ ಆ ಪಾತ್ರಗಳ ಗೌರವಕ್ಕೆ ಕುಂದು ತರುವಂಥ ಬೇರೆ ಪಾತ್ರ ಒಪ್ಪಬಾರದೆಂದು ಒಪ್ಪಂದವಾಗಿತ್ತು. ಶಿಲುಬೆಯ ದೃಶ್ಯ ಮುಗಿದದ್ದು 1926ರ ಕ್ರಿಸ್‌ಮಸ್‌ನ ಹಿಂದಿನ ದಿನ. ಎಲ್ಲರೂ ಮನೆಗೆ ಓಡುವ ಆತುರದಲ್ಲಿದ್ದಾಗ ಡಿಮಿಲ್ ಅವರನ್ನೆಲ್ಲ ತಡೆದು, ಐದು ನಿಮಿಷ ಮೌನವಾಗಿ ನಿಂತು ಪ್ರಭುವನ್ನು ನೆನೆಯುವಂತೆ ಕೇಳಿಕೊಂಡರು. ಬಂದ ಲಾಭದಲ್ಲಿ ತಮ್ಮ ಪಾಲನ್ನು ಅವರು ದಾನಕ್ಕೆ ಕೊಟ್ಟರು. ಹೀಗಿರುವಾಗ ಇದೆಲ್ಲ ಬರೀ ವ್ಯಾಪಾರವೆಂದು ತಳ್ಳಿಹಾಕುವುದು ಅನ್ಯಾಯ.

ಆ ಚಿತ್ರದಲ್ಲಿ ಯೇಸುಸ್ವಾಮಿ ಮೊದಲು ಕಾಣಿಸಿಕೊಳ್ಳುವ ರೀತಿಯನ್ನು ಹೇಳಲೇಬೇಕು. ಒಂದು ಕುರುಡು ಹೆಣ್ಣುಮಗುವನ್ನು ಅವರ ಬಳಿಗೆ ಕರೆತರುತ್ತಾರೆ. ತೆರೆ ಪೂರ್ತಿ ಕತ್ತಲು, ಏಕೆಂದರೆ ನಾವು ಆ ಮಗುವಿನ ಕಣ್ಣಿನೊಳಗಿದ್ದೇವೆ. ನಿಧಾನವಾಗಿ ಸ್ವಲ್ಪ ಬೆಳಕು, ಮಂಜು ಮಂಜಾಗಿ ಏನೋ ಒಂದು ರೂಪ, ಆಮೇಲೆ ಒಂದು ಮುಖ. ಮಗು ಜೀವನದಲ್ಲಿ ಮೊದಲು ಕಂಡದ್ದು ಯೇಸುವಿನ ಮುಖ; ಅದರ ಜೊತೆಗೇ ನಾವೂ ನೋಡುತ್ತೇವೆ. ದೇವಪುತ್ರ ಮನುಷ್ಯನಾಗಿ ಹುಟ್ಟಿದ್ದರಿಂದಲೇ ಅವರ ಮುಖವನ್ನು ಚಿತ್ರಿಸುವುದು ನ್ಯಾಯವೆಂದು ಡಮಾಸ್ಕಸ್ಸಿನ ಸಂತ ಯೊವಾನ್ನರು ಎಂಟನೇ ಶತಮಾನದಲ್ಲಿ ವಾದಿಸಿದರು. 787ರ ನೀಸಿಯಾ ಮಹಾಸಭೆ ಅದನ್ನು ಎತ್ತಿಹಿಡಿಯಿತು. ದೈವಶಾಸ್ತ್ರದ ತರಗತಿಯಲ್ಲಿ ನಾವು ಪುಟಗಟ್ಟಲೆ ಓದಿದ ಆ ಮಾತು ಇಲ್ಲಿ ಒಂದೇ ನಿಮಿಷದಲ್ಲಿ ಮನಸ್ಸಿಗೆ ಇಳಿಯುತ್ತದೆ. ಚಲಿಸುವ ಚಿತ್ರದ ಈ ಬಲಕ್ಕೆ ನಮ್ಮ ದೇಶದಲ್ಲೂ ಸಾಕ್ಷಿ ಇದೆ. ದಾದಾಸಾಹೇಬ್ ಫಾಲ್ಕೆ ಮುಂಬಯಿಯಲ್ಲಿ ಕ್ರಿಸ್ತರ ಜೀವನದ ಒಂದು ಹಳೆಯ ಚಿತ್ರ ನೋಡುತ್ತ, ರಾಮಕೃಷ್ಣರ ಕಥೆಗಳೂ ಹೀಗೆ ತೆರೆಗೆ ಬರಬಾರದೇಕೆ ಎಂದು ಹಂಬಲಿಸಿದರು. ಅದರ ಫಲ 1913ರ 'ರಾಜಾ ಹರಿಶ್ಚಂದ್ರ'. ಡಿಮಿಲ್ ಇನ್ನೂ ಕ್ಯಾಮೆರಾ ಮುಟ್ಟುವ ಮೊದಲಿನ ಮಾತು ಇದು.

ಇಷ್ಟು ಚೆನ್ನಾಗಿ ಯೇಸುವನ್ನು ತೋರಿಸಬಲ್ಲವರು ಅದೇ ಚಿತ್ರವನ್ನು ಆರಂಭಿಸಿದ್ದು ಹೇಗೆ ಗೊತ್ತೇ? ಮಗ್ದಲದ ಮರಿಯಳ ಅರಮನೆಯಂಥ ಮನೆ, ಔತಣ, ಅರೆಬಟ್ಟೆಯ ಬೆಡಗು, ಮುದ್ದಿಸಲು ಒಂದು ಚಿರತೆ, ರಥಕ್ಕೆ ಕಟ್ಟಲು ಜೀಬ್ರಾಗಳು! ಯೂದಾಸ ಅವಳ ಪ್ರಿಯತಮ; ಅವನನ್ನು ತನ್ನಿಂದ ಕಿತ್ತುಕೊಂಡ ಬಡಗಿ ಯಾರೆಂದು ನೋಡಲು ಅವಳು ಹೊರಡುತ್ತಾಳೆ. ಶುಭಸಂದೇಶದಲ್ಲಿ ಇದರ ಒಂದಕ್ಷರವೂ ಇಲ್ಲ. ಯೇಸು ಅವಳಿಂದ ಏಳು ದೆವ್ವಗಳನ್ನು ಬಿಡಿಸಿದರೆಂದು ಸಂತ ಲೂಕರು ಹೇಳುತ್ತಾರೆ, ಅಷ್ಟೇ. 591ರಲ್ಲಿ ಜಗದ್ಗುರು ಮಹಾ ಗ್ರೆಗರಿಯವರು ಒಂದು ಪ್ರಬೋಧನೆಯಲ್ಲಿ ಅವಳನ್ನೂ ಲೂಕರು ಹೇಳುವ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಂದೇ ಎಂದು ಭಾವಿಸಿದ್ದರಿಂದ ಪಶ್ಚಿಮದಲ್ಲಿ ಈ ಗೊಂದಲ ಬೇರೂರಿತು. ಧರ್ಮಸಭೆ 1969ರ ಪಂಚಾಂಗದಲ್ಲಿ ಅದನ್ನು ಬಿಡಿಸಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರಿಗೆ ಸಮನಾದ ಹಬ್ಬಕ್ಕೆ ಏರಿಸಿದರು. ಧರ್ಮಸಭೆ ತಿದ್ದಿಕೊಂಡದ್ದನ್ನು ಸಿನಿಮಾ ತಿದ್ದಿಕೊಳ್ಳಲಿಲ್ಲ, ನಮ್ಮ ಮಕ್ಕಳೂ ತಿದ್ದಿಕೊಂಡಿಲ್ಲ. ತಪ್ಪು ಪಾಠಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ಅಪನಂಬಿಕೆ. ಶುಭಸಂದೇಶವೊಂದನ್ನೇ ಇಟ್ಟರೆ ಜನ ಬರಲಾರರು, ಮೊದಲು ಚಿರತೆ ತೋರಿಸಬೇಕು ಎಂಬುದೇ ಆ ಅಪನಂಬಿಕೆ.

ಇನ್ನೊಂದು ದೋಷ ಇನ್ನೂ ಗಂಭೀರವಾದುದು. ಯೇಸುವಿನ ಸಾವಿನ ಹೊಣೆಯನ್ನು ಚಿತ್ರ ಯೆಹೂದ್ಯರ ತಲೆಗೆ ಕಟ್ಟುತ್ತದೆಂದು ಅಮೆರಿಕದ ಯೆಹೂದ್ಯ ಸಂಘಟನೆಗಳು ಪ್ರತಿಭಟಿಸಿದವು. ಡಿಮಿಲ್ ಕೆಲವು ಬದಲಾವಣೆ ಮಾಡಿದರು. ಹೊಣೆಯನ್ನೆಲ್ಲ ಕಾಯಫನೊಬ್ಬನ ಮೇಲೆ ಹೊರಿಸಿ ಜನಾಂಗವನ್ನು ಬಿಡಿಸಿದೆನೆಂದು ಅವರು ನಂಬಿದ್ದರು. ಕಾಯಫನಾಗಿ ನಟಿಸಿದವರೂ ಯೂದಾಸನಾಗಿ ನಟಿಸಿದವರೂ ಯೆಹೂದ್ಯ ತಂದೆಮಗನೇ ಎಂಬುದನ್ನೂ, ನಿರ್ದೇಶಕರ ಸ್ವಂತ ತಾಯಿಯ ಮೂಲವನ್ನೂ ನೆನೆದರೆ ಮನಸ್ಸು ಭಾರವಾಗುತ್ತದೆ. ಆರೇ ವರ್ಷದಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಈ ಹಳೆಯ ಆರೋಪವನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಯಾತನೆಯ ಚಿತ್ರ ನೋಡಿ ಅಳುವಾಗ ಯಾರ ಮೇಲೆ ಸಿಟ್ಟು ಬರುತ್ತದೆಂದು ಪ್ರತಿಯೊಬ್ಬರೂ ಪರೀಕ್ಷಿಸಿಕೊಳ್ಳಬೇಕು. ಸಿಟ್ಟು ನಮ್ಮ ಪಾಪಗಳ ಮೇಲೆ ಬಂದರೆ ಅದು ತಪಸ್ಸು. ಬೇರೆ ಜನಾಂಗದ ಮೇಲೆ ಬಂದರೆ ಅದು ಇನ್ನೊಂದು ಪಾಪ.

1932ರಲ್ಲಿ ಡಿಮಿಲ್ ರೋಮಿನ ರಕ್ತಸಾಕ್ಷಿಗಳ ಕಥೆ 'ದಿ ಸೈನ್ ಆಫ್ ದಿ ಕ್ರಾಸ್' ತೆಗೆದಾಗ ಆ ಹಳೆಯ ಲೆಕ್ಕ ಪೂರ್ತಿ ಬಯಲಾಯಿತು. ರಾಣಿ ಹಾಲಿನ ಕೊಳದಲ್ಲಿ ಸ್ನಾನ ಮಾಡುತ್ತಾಳೆ, ಅಶ್ಲೀಲ ನೃತ್ಯವಿದೆ, ಅಖಾಡದ ಕ್ರೌರ್ಯವಂತೂ ನೋಡಲಾಗದು. ಕಥೋಲಿಕರು ಕೆರಳಿದರು. ಫಾದರ್ ಲಾರ್ಡ್ 1930ರಲ್ಲಿ ಚಲನಚಿತ್ರ ನೀತಿಸಂಹಿತೆ ಬರೆಯಲು ಮುಂದಾಗಿದ್ದರು. ಅದನ್ನು ಉದ್ಯಮ ಗಾಳಿಗೆ ತೂರಿದ್ದಕ್ಕೆ ಈ ಚಿತ್ರ ಒಂದು ದೊಡ್ಡ ಉದಾಹರಣೆಯಾಯಿತು. ಇಂಥ ಚಿತ್ರಗಳ ವಿರುದ್ಧ ಅಮೆರಿಕದ ಧರ್ಮಾಧ್ಯಕ್ಷರು 1934ರಲ್ಲಿ ಸಭ್ಯತೆಯ ಸೇನೆಯನ್ನು ಕಟ್ಟಿದರು. 1936ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸರು 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರದಲ್ಲಿ ಅದನ್ನು ಮೆಚ್ಚಿಕೊಂಡರು. ಶಿಲುಬೆಯ ಹೆಸರಿಟ್ಟುಕೊಂಡ ಚಿತ್ರವೇ ಧರ್ಮಸಭೆಯ ಕೋಪಕ್ಕೆ ಕಾರಣಗಳಲ್ಲೊಂದಾದದ್ದು ವಿಪರ್ಯಾಸ.

ಈ ಚಿರತೆ, ಜೀಬ್ರಾ ಯಾವುದೂ ಇಲ್ಲದೆ ಚಿತ್ರ ತೆಗೆಯಲು ಸಾಧ್ಯವೇ? ಡಿಮಿಲ್ ತೀರಿಹೋದ ಐದು ವರ್ಷಕ್ಕೆ, 1964ರಲ್ಲಿ, ಇಟಲಿಯ ಪಾಸೊಲಿನಿ ಸಂತ ಮತ್ತಾಯರ ಶುಭಸಂದೇಶವನ್ನು ಚಿತ್ರವಾಗಿಸಿದರು. ಅವರು ದೇವರನ್ನು ನಂಬದವರು, ಮಾರ್ಕ್ಸ್‌ವಾದಿ. ನಟರೆಲ್ಲ ಸಾಮಾನ್ಯ ಜನ; ಮಾತೆಲ್ಲ ಶುಭಸಂದೇಶದ್ದೇ. ಜಗದ್ಗುರು ಇಪ್ಪತ್ತಮೂರನೇ ಯೊವಾನ್ನರ ನೆನಪಿಗೆ ಅದನ್ನು ಅರ್ಪಿಸಿದರು. 1995ರಲ್ಲಿ ಸಿನಿಮಾದ ನೂರನೇ ವರ್ಷಕ್ಕೆ ವ್ಯಾಟಿಕನ್ 45 ಉತ್ತಮ ಚಿತ್ರಗಳ ಪಟ್ಟಿ ಹೊರಡಿಸಿದಾಗ ಆ ನಾಸ್ತಿಕನ ಚಿತ್ರ ಅದರಲ್ಲಿತ್ತು. ಬೈಬಲ್ ಕೇಳಿ ಬೆಳೆದ ಡಿಮಿಲ್ ಅವರ ಒಂದು ಚಿತ್ರವೂ ಇರಲಿಲ್ಲ. ಆದರೆ ನಮ್ಮ ಅಂಗಳದಲ್ಲಿ ಪಾಸೊಲಿನಿಯ ಚಿತ್ರ ಹಾಕಿದರೆ ಅರ್ಧ ಜನ ಎದ್ದುಹೋದಾರು ಎಂಬ ಭಯ ನನಗೂ ಇದೆ. ಡಿಮಿಲ್ ಅವರ ಅಪನಂಬಿಕೆಯನ್ನು ದೂರುವ ನಾನೇ ಈ ಮಾತು ಹೇಳಬೇಕಾಗಿ ಬಂದಿದೆ.

ಡಿಮಿಲ್ ಅವರ ಕೊನೆಯ ಚಿತ್ರ 1956ರಲ್ಲಿ ಹೊಸದಾಗಿ ತೆಗೆದ 'ದಿ ಟೆನ್ ಕಮ್ಯಾಂಡ್‌ಮೆಂಟ್ಸ್'. ಚಾರ್ಲ್‌ಟನ್ ಹೆಸ್ಟನ್ ಮೋಶೆಯಾಗಿದ್ದ ಈ ಚಿತ್ರವನ್ನು ನಮ್ಮಲ್ಲಿ ನೋಡದವರು ಕಡಿಮೆ. 1954ರಲ್ಲಿ ಈಜಿಪ್ಟಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ 73 ವರ್ಷದ ಡಿಮಿಲ್ ನಗರದ್ವಾರದ ಎತ್ತರದ ಏಣಿ ಹತ್ತಿ ಹೃದಯಾಘಾತಕ್ಕೆ ಒಳಗಾದರು. ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕೆ ಬಂದರು. 1902ರಲ್ಲಿ ಕೈಹಿಡಿದ ಕಾನ್‌ಸ್ಟನ್ಸ್ ಕೊನೆತನಕ ಜೊತೆಗಿದ್ದರು. ಒಬ್ಬ ಮಗಳ ಜೊತೆಗೆ ಮೂವರು ಮಕ್ಕಳನ್ನು ದತ್ತು ಪಡೆದು ಸಾಕಿದರು. ಆದರೆ ಕಟ್ಟಳೆಗಳನ್ನು ತೆರೆಯ ಮೇಲೆ ಎರಡು ಬಾರಿ ಕೆತ್ತಿದ ಈ ಮನುಷ್ಯ ಆರನೆಯ ಕಟ್ಟಳೆಯ ವಿಷಯದಲ್ಲಿ ಹೆಂಡತಿಗೆ ನಿಷ್ಠರಾಗಿರಲಿಲ್ಲವೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಅದರ ತೀರ್ಪು ನಮ್ಮದಲ್ಲ. 1959ರ ಜನವರಿ 21ರಂದು ಹಾಲಿವುಡ್‌ನ ತಮ್ಮ ಮನೆಯಲ್ಲಿ ಅವರು ಕಣ್ಣುಮುಚ್ಚಿದರು.

ಈ ವರ್ಷ ಯುವಕರು ಬಂದು ಕೇಳಿದಾಗ ನಾನು 1927ರ ಮೂಕಿಚಿತ್ರವನ್ನೇ ಹೇಳಿದ್ದೇನೆ. ಅದರ ಹಕ್ಕುಸ್ವಾಮ್ಯ ಅಮೆರಿಕದಲ್ಲೂ 2023ಕ್ಕೆ ಮುಗಿದಿದೆ. ಉದ್ದದ ಪ್ರತಿ ಎರಡೂವರೆ ಗಂಟೆಗೂ ಮಿಕ್ಕಿದ್ದು, ಗಿಡ್ಡದ್ದು ಎರಡು ಗಂಟೆಯೊಳಗಿನದು. ಮಕ್ಕಳಿಗೆ ಗಿಡ್ಡದ್ದೇ ಸಾಕು. ಮಾತಿಲ್ಲದ ಚಿತ್ರವಾದ್ದರಿಂದ ಬರಹದ ಹಲಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ನಮ್ಮ ಕನ್ನಡ ಶುಭಸಂದೇಶದ ಆಯಾ ಭಾಗವನ್ನು ಗಟ್ಟಿಯಾಗಿ ಓದಬೇಕು. ಚಿರತೆಯ ದೃಶ್ಯ ಬಂದಾಗ ಓದಲು ಏನೂ ಸಿಗುವುದಿಲ್ಲ. ಆಗ ಓದುವವರು ಸುಮ್ಮನಿರಲಿ ಎಂದು ಹೇಳಿದ್ದೇನೆ. ಯಾಕೆ ಸುಮ್ಮನಾದರೆಂದು ಮಕ್ಕಳೇ ಕೇಳುತ್ತಾರೆ.