ಕೋಡಿ ನೀರಿನ ಲೆಕ್ಕ ಹಿಡಿದ ಮುದ್ದೇನಹಳ್ಳಿ ಎಂಜಿನಿಯರ್

ಚಿಕ್ಕಬಳ್ಳಾಪುರ: ಸೆಪ್ಟೆಂಬರ್ 15 ಬಂತು ಅಂದ್ರೆ ಮುದ್ದೇನಹಳ್ಳಿ ಕಡೆ ಕಾರುಗಳ ಸಾಲು. ಸಮಾಧಿಗೆ ಹಾರ, ಒಂದಷ್ಟು ಭಾಷಣ, ಕೆಆರ್‌ಎಸ್ ಹೆಸರು, ಭಾರತ ರತ್ನದ ಹೆಸರು. ಅಲ್ಲಿಗೆ ಕಾರ್ಯಕ್ರಮ ಮುಗೀತು. ಆದರೆ ಸರ್ ಎಂ. ವಿಶ್ವೇಶ್ವರಯ್ಯ ಕನ್ನಂಬಾಡಿ ಕಟ್ಟೆಗೆ ಕೈ ಹಾಕುವ ಎಷ್ಟೋ ವರ್ಷ ಮುಂಚೆ ತಲೆ ಕೆಡಿಸಿಕೊಂಡಿದ್ದು ನಮ್ಮೂರ ಕೆರೆಗಳಿಗೂ ಇರುವ ಒಂದು ಜಾಗದ ಬಗ್ಗೆ. ಅದು ಕೋಡಿ. ತುಂಬಿದ ಮೇಲೆ ಮಿಕ್ಕ ನೀರು ಎಲ್ಲಿಂದ, ಎಷ್ಟು, ಹೇಗೆ ಹೊರಗೆ ಹೋಗಬೇಕು ಅನ್ನೋ ಲೆಕ್ಕ.

ಅವರು ಹುಟ್ಟಿದ್ದು 1861ರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ. ಖರ್ಚಿಗೆ ಮನೆಪಾಠ ಹೇಳಿಕೊಡುತ್ತಿದ್ದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರಲ್ಲಿ ಮೊದಲ ಸ್ಥಾನ, ಮಾರನೇ ವರ್ಷವೇ ಬಾಂಬೆ ಪ್ರಾಂತ್ಯದ ಪಿಡಬ್ಲ್ಯುಡಿಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ. ನಾಸಿಕ್, ಧುಳೆ, ಸಿಂಧ್‌ನ ಸುಕ್ಕೂರ್ ಅಂತ ಹೋದಲ್ಲೆಲ್ಲ ನೀರಿನದೇ ಕೆಲಸ.

ಪುಣೆ ಹತ್ತಿರ ಮುಠಾ ನದಿಗೆ ಖಡಕವಾಸ್ಲಾ ಅನ್ನೋ ಹಳ್ಳಿಯಲ್ಲಿ ಕಲ್ಲಿನ ಅಣೆಕಟ್ಟು ಇತ್ತು. ಆಗ ಅದಕ್ಕೆ ಫೈಫ್ ಕೆರೆ ಅಂತ ಹೆಸರು. ಪುಣೆಗೆ ಕುಡಿಯುವ ನೀರು, ಕಾಲುವೆಗೆ ಹೊಲದ ನೀರು, ಎರಡಕ್ಕೂ ಅದೇ ಆಧಾರ. ಮಳೆಗಾಲದಲ್ಲಿ ಕೋಡಿ ಮೇಲೆ ಆಳುದ್ದ ನೀರು ಉಕ್ಕಿ ಹೋಗುತ್ತೆ, ಬೇಸಿಗೆಯಲ್ಲಿ ಸಾಲಲ್ಲ. ಕಟ್ಟೆಯನ್ನೇ ಎತ್ತರ ಮಾಡೋಣ ಅಂದ್ರೆ ದುಡ್ಡು ಜಾಸ್ತಿ. ಕೋಡಿಗೆ ಗೋಡೆ ಅಡ್ಡ ಹಾಕೋಣ ಅಂದ್ರೆ ದೊಡ್ಡ ನೆರೆ ಬಂದ ದಿನ ಕಟ್ಟೆಯೇ ಹೋಗಬಹುದು. ನಮ್ಮ ಕಡೆಯೂ ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಕೋಡಿಗೆ ಮರಳು ಮೂಟೆ ಇಡೋರು ಇದ್ದಾರಲ್ಲ, ಅದೇ ಅಪಾಯ.

ವಿಶ್ವೇಶ್ವರಯ್ಯ ಕಂಡುಕೊಂಡ ದಾರಿ ಸ್ವಯಂಚಾಲಿತ ಗೇಟು. ಕೋಡಿ ಮೇಲೆ ಸಾಲಾಗಿ ಗೇಟು ಕೂರಿಸಿ ಅವಕ್ಕೆ ತಕ್ಕಡಿ ಥರ ಭಾರ ಕಟ್ಟಿದರು. ಗೊತ್ತು ಮಾಡಿದ ಮಟ್ಟದವರೆಗೆ ಗೇಟು ನೀರು ಹಿಡಿಯುತ್ತೆ. ಮಟ್ಟ ಮೀರಿದ್ರೆ ಆ ಹೆಚ್ಚುವರಿ ನೀರೇ ಸಮತೋಲ ತಪ್ಪಿಸಿ ಗೇಟು ತೆರೆಸುತ್ತೆ, ಇಳಿದ ಮೇಲೆ ತಾನಾಗೇ ಮುಚ್ಚಿಕೊಳ್ಳುತ್ತೆ. ಮಧ್ಯರಾತ್ರಿ ಮಳೆ ಹೊಯ್ದಾಗ ನೀರುಗಂಟಿ ಎದ್ದು ಓಡಬೇಕಿಲ್ಲ. 1903ರಲ್ಲಿ ಗೇಟು ಹಾಕಿದ ಮೇಲೆ ಕಟ್ಟೆ ಎತ್ತರಿಸದೆ ಸುಮಾರು 8 ಅಡಿ ನೀರು ಹೆಚ್ಚಿಗೆ ನಿಂತಿತು, ಸಂಗ್ರಹ ಹೆಚ್ಚುಕಮ್ಮಿ ಕಾಲು ಭಾಗ ಜಾಸ್ತಿಯಾಯಿತು. ಇದಕ್ಕೆ ಪೇಟೆಂಟ್ ಅವರ ಹೆಸರಲ್ಲೇ ಆಯಿತು.

ನೀರು ಹಿಡಿದರೆ ಸಾಕಾ, ಹಂಚಬೇಕಲ್ಲ. ಅಲ್ಲಿನ ಕಾಲುವೆಗಳಲ್ಲಿ ತಲೆಭಾಗದವರು ಬೇಕಾದಷ್ಟು ಹರಿಸಿಕೊಂಡು ಕಬ್ಬು ಬೆಳೀತಿದ್ದರು. ಅವರ ಹೊಲ ಜೌಗು, ಕೊನೆಯ ಹಳ್ಳಿಗೆ ಹನಿ ಇಲ್ಲ. ಇದಕ್ಕೆ ಅವರು ತಂದಿದ್ದು ಬ್ಲಾಕ್ ಪದ್ಧತಿ. ಜಮೀನನ್ನು ಬ್ಲಾಕುಗಳಾಗಿ ಮಾಡಿ ಸರದಿ ಮೇಲೆ ಬೆಳೆ, ಅಳತೆ ಮೇಲೆ ನೀರು, ಹೆಚ್ಚು ಹಳ್ಳಿಗೆ ಪಾಲು. ರೈತರು ಮೊದಲು ಸುತಾರಾಂ ಒಪ್ಪಲಿಲ್ಲ. ಮುಂದೆ ಮಂಡ್ಯ ಕಡೆಯ ಕಾಲುವೆಗೂ ಇದೇ ಪದ್ಧತಿ ಬಂತು.

1908ರಲ್ಲಿ ಬಾಂಬೆ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಇವರು ಊರೊಳಗಿನ ನದಿ ನೋಡಿ ಸುಮ್ಮನಾಗಲಿಲ್ಲ, ಮೇಲಿನ ಹಳ್ಳಿಗಳ ಕೆರೆ ಎಣಿಸಿದರು. ಮೂಸಿ ಜಲಾನಯನದಲ್ಲಿ 788 ಕೆರೆ, ಅದರಲ್ಲಿ 221 ಒಡೆದಿದ್ದವು. ಮಳೆ ಜೋರಿತ್ತು ನಿಜ, ಆದರೆ ಒಡೆದ ಕೆರೆಗಳ ನೀರೂ ಸೇರಿಕೊಂಡು ಪಟ್ಟಣದ ಮೇಲೆ ಬಿದ್ದಿತ್ತು. ವರ್ಷಪೂರ್ತಿ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕೆರೆ ಕೋಡಿ ಹೋದ್ರೆ ಕೆಳಗಿನ ಕೆರೆಗೆ ನೀರು, ಮೇಲಿನದು ಒಡೆದರೆ ಕೆಳಗಿನದಕ್ಕೂ ಗಂಡಾಂತರ. ನೆರೆ ತಡೆಯೋಕೆ ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಅಂತ ಅವರು ಸೂಚಿಸಿದರು. ಅವೇ ಇವತ್ತಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಥೆ ಎಲ್ಲರಿಗೂ ಗೊತ್ತು. ಅಲ್ಲೂ ಸ್ವಯಂಚಾಲಿತ ಗೇಟು ಬಂತು. 1918ರಲ್ಲಿ ದಿವಾನಗಿರಿ ಬಿಟ್ಟರು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ವಿಚಾರದಲ್ಲಿ ಮಹಾರಾಜರ ಜತೆ ಅವರಿಗೆ ಸರಿಹೊಂದಲಿಲ್ಲ. ಅದರ ಚರ್ಚೆ ಇವತ್ತಿಗೂ ನಿಂತಿಲ್ಲ.

ಗೇಟು ಒಂದೇ ಕಟ್ಟೆ ಕಾಯಲ್ಲ ಅನ್ನೋದೂ ಅವರ ಕಾಲದಲ್ಲೇ ಗೊತ್ತಾಯಿತು. ಗ್ವಾಲಿಯರ್ ಬಳಿ ಇವರ ಗೇಟಿಗೆ ಹೆಸರಾದ ತಿಗ್ರಾ ಅಣೆಕಟ್ಟು 1917ರ ಆಗಸ್ಟಿನಲ್ಲಿ ಒಡೆಯಿತು. ಅಡಿಪಾಯದ ಮರಳುಗಲ್ಲಿನೊಳಗೆ ನೀರು ಸೇರಿಕೊಂಡಿತ್ತು.

ಖಡಕವಾಸ್ಲಾದ್ದು ಇನ್ನೂ ಸಂಕಟದ ಕಥೆ. ಅದರ ಮೇಲ್ಗಡೆ ಪಾನ್‌ಶೆತ್‌ನಲ್ಲಿ ಹೊಸದಾಗಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿ ಆಗುವ ಮೊದಲೇ ಮಳೆಗಾಲದ ನೀರು ತುಂಬಿತು. ಏರಿ ಕುಸಿಯೋಕೆ ಶುರುವಾದಾಗ ಸೈನಿಕರು ರಾತ್ರಿಯೆಲ್ಲ ಮರಳು ಮೂಟೆ ಹೊತ್ತು ಹಾಕಿದರು. 1961ರ ಜುಲೈ 12ರ ಬೆಳಗ್ಗೆ ಅದು ಒಡೆದೇ ಹೋಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಕಟ್ಟೆಯೂ ಒಡೆದು ಪುಣೆ ಮುಳುಗಿತು. ಅಷ್ಟು ನೀರು ದಾಟಿಸುವ ಲೆಕ್ಕ ಹಾಕಿ ಯಾರೂ ಅಲ್ಲಿ ಕೋಡಿ ಕಟ್ಟಿರಲಿಲ್ಲ. ಮೇಲಿನದು ಒಡೆದು ಕೆಳಗಿನದು ಹೋಗಿದ್ದು ಮೂಸಿ ಕೆರೆಗಳ ಹಾಗೇ.

ಆಗ ವಿಶ್ವೇಶ್ವರಯ್ಯ ನೂರರ ಅಂಚಿನಲ್ಲಿದ್ದರು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲೇ ನಡೆಯಿತು. ಖಡಕವಾಸ್ಲಾ ಅಣೆಕಟ್ಟನ್ನು ಆಮೇಲೆ ಮತ್ತೆ ಕಟ್ಟಿದರು. ಈಗಲೂ ಪುಣೆಗೆ ನೀರು ಅಲ್ಲಿಂದಲೇ ಹೋಗುತ್ತೆ.